ಪ್ರವಚನದ ಕ್ಯಾಸೆಟ್ಟಿನ ಆ ಬಾಜೂ

ಕಾಕಾ ಹೋಗಿ ಮೂರು ವರ್ಷದ ಮೇಲೆ ಸಂಕೇಶ್ವರದ ಹಳೆಯ ಮನೆಯ ಮಾಳಿಗೆ ಇಳಿಸಿದೆವು. ಮಣ್ಣಿನ ಮಾಳಿಗೆ; ಎರಡು ಮಳೆಗಾಲದಿಂದ ಸೋರುತ್ತಿತ್ತು. ಜಂತಿ ಬಿಚ್ಚುವ ಮೊದಲು ಅಟ್ಟದ ಸಾಮಾನು ಇಳಿಸುವಾಗ ಅವನ ಕಬ್ಬಿಣದ ಟ್ರಂಕು ಕೈಗೆ ಬಂತು. ಕೀಲಿ ಸಿಗಲಿಲ್ಲ, ಬೇಕಾಗಲೂ ಇಲ್ಲ. ಕೊಂಡಿ ತುಕ್ಕು ಹಿಡಿದು ತಾನೇ ಕಳಚಿತು. ಮೇಲೆ ಹಳೆಯ ಧೋತರದಲ್ಲಿ ಕೂಸಿನ ಹಾಗೆ ಸುತ್ತಿಟ್ಟ ಟೂ-ಇನ್-ಒನ್. ಅದರ ಕೆಳಗೆ, ಬೆನ್ನು ಮೇಲಾಗಿ ಹೊಂದಿಸಿದ 58 ಕ್ಯಾಸೆಟ್ಟು.

ಆ ಟೇಪು ನಮ್ಮ ಮನೆಗೆ ಬಂದದ್ದು 1991ರ ಕಬ್ಬಿನ ಬಿಲ್ಲಿನಲ್ಲಿ. ಹಿರಣ್ಯಕೇಶಿ ಕಾರ್ಖಾನೆಗೆ ಕಬ್ಬು ಹೋಗಿ ರೊಕ್ಕ ಕೈಗೆ ಬಂದ ಮರುದಿನ ಕಾಕಾ ಕೊಲ್ಲಾಪುರದ ಬಸ್ಸು ಹತ್ತಿದ. ಸಂಜೆ ಬಂದಾಗ ಹೆಗಲ ಮೇಲೆ ಅದಿತ್ತು. ಅವ್ವ ಬಾಗಿಲಲ್ಲೇ ನಿಲ್ಲಿಸಿ ಅದಕ್ಕೆ ಕುಂಕುಮ ಹಚ್ಚಿದಳು. ಅವತ್ತಿನಿಂದ ಕಾಕಾ ಒಬ್ಬನೇ ಇರುವುದು ನಿಂತುಹೋಯಿತು. ನೀರು ಹಾಯಿಸಲು ರಾತ್ರಿ ಹೊಲಕ್ಕೆ ಹೋದರೂ ಟೇಪು ಜೊತೆಗೆ, ಬಾವಿಯ ದಂಡೆಯ ಮೇಲೆ.

ಕ್ಯಾಸೆಟ್ಟುಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿದೆ. ‘ಸಂಗ್ಯಾ ಬಾಳ್ಯಾ’ ಇತ್ತು, ‘ಶ್ರೀಕೃಷ್ಣ ಪಾರಿಜಾತ’ದ ಮೂರು ಭಾಗ ಇದ್ದವು, ಗುರುರಾಜ ಹೊಸಕೋಟಿಯವರ ಜಾನಪದ, ಗೀಗೀ ಪದ, ದಾದಾ ಕೋಂಡ್ಕೆ ಸಿನಿಮಾದ ಮರಾಠಿ ಹಾಡು, ‘ಪ್ರೇಮಲೋಕ’. ಆಮೇಲೆ ಹೊದಿಕೆಯೇ ಇಲ್ಲದ, ಬರೀ 1, 2, 3 ಎಂದು ಪೆನ್ನಿನಲ್ಲಿ ಗೀಚಿದ ಒಂಬತ್ತು. ಆ ಒಂಬತ್ತನ್ನು ನೋಡಿದ ಕೂಡಲೇ ನನಗೆ ಹದಿನಾಲ್ಕು ವರ್ಷದ ಮೈ ಮತ್ತೆ ಬಂತು. ನಮ್ಮ ಓಣಿಯ ಹುಡುಗರು ಅವನ್ನು ‘ನಂಬರಿನವು’ ಎನ್ನುತ್ತಿದ್ದೆವು. ದೊಡ್ಡವರು ಕರೆಯುತ್ತಿದ್ದದ್ದು ‘ಹಲ್ಕಟ್ ಹಾಡು’ ಎಂದು.

ಕೊನೆಯದೊಂದು ಬೇರೆಯೇ ಇತ್ತು. ಮೇಲೆ ಒಂದು ಮಠದ ಪ್ರವಚನದ ಲೇಬಲ್ಲು. ಆದರೆ ಬೆನ್ನಿನ ಎಡತುದಿಯ ಸಣ್ಣ ಚೌಕ ತೂತಿಗೆ ಕಾಗದದ ಉಂಡೆ ತುರುಕಿ ಮೇಲೆ ಚಿಕಟು ಪಟ್ಟಿ ಅಂಟಿಸಿತ್ತು. ಕ್ಯಾಸೆಟ್ಟಿನ ಕಾಲ ಕಂಡವರಿಗೆ ಇದರ ಅರ್ಥ ಗೊತ್ತು. ಅಂಗಡಿಯಲ್ಲಿ ತುಂಬಿದ ಕ್ಯಾಸೆಟ್ಟು ಬರುವಾಗ ಆ ಮೂಲೆಯ ಪ್ಲಾಸ್ಟಿಕ್ ಹಲ್ಲು ಮುರಿದಿರುತ್ತದೆ. ಟೇಪಿನ ಒಳಗಿನ ಒಂದು ಕಡ್ಡಿ ಆ ತೂತಿನೊಳಗೆ ಇಳಿದರೆ ಕೆಂಪು ಗುಂಡಿ ಒತ್ತಲು ಬರುವುದಿಲ್ಲ. ಇದ್ದ ಹಾಡು ಅಳಿಸದೆ ಉಳಿಯುತ್ತದೆ. ತೂತು ಮುಚ್ಚಿದರೆ ಕಡ್ಡಿಗೆ ಮೋಸ. ಆಗ ಯಾವ ಕ್ಯಾಸೆಟ್ಟಿನ ಮೇಲೆ ಬೇಕಾದರೂ ಹೊಸದು ತುಂಬಬಹುದು. ಪ್ರವಚನದ ಮೇಲೆ ಕಾಕಾ ಏನು ತುಂಬಿದ್ದ?

ಕೇಳಲು ಎರಡು ವಾರ ಹಿಡಿಯಿತು. ಟೇಪಿನ ರಬ್ಬರ್ ಬೆಲ್ಟು ಕರಗಿ ಗಾಲಿಗೆ ಮೆತ್ತಿಕೊಂಡಿತ್ತು. ಪೇಟೆಯಲ್ಲಿ ಮೊಬೈಲು ರಿಪೇರಿಗೆ ಇಳಿದಿರುವ ಹಳೆಯ ರೇಡಿಯೋ ಮೇಸ್ತ್ರಿ ಮುಚ್ಚಳ ಬಿಚ್ಚಿ, “ಡಾಂಬರ ಆಗೇತ್ರಿ ಇದು” ಎಂದರು. ಕ್ಯಾಸೆಟ್ಟಿನದೂ ಅದೇ ಪಾಡು. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಉಣ್ಣೆಯ ಸಣ್ಣ ತುಂಡು ಅಂಟು ಒಣಗಿ ಉದುರಿತ್ತು. ಅವರು ಒಂಬತ್ತು ನಂಬರಿನಲ್ಲೊಂದನ್ನು ಎತ್ತಿಕೊಂಡು, ಐದು ಸ್ಕ್ರೂ ಬಿಚ್ಚಿ, ಅದರ ಗೂಡಿಗೆ ಪ್ರವಚನದ ರೀಲನ್ನು ಕೂಡಿಸಿದರು. ಅವರು ಕೆಲಸ ಮಾಡುವಷ್ಟು ದಿನ ನಾನು ಈ ಕಂದು ಪಟ್ಟಿಯ ಹುಟ್ಟು ಹುಡುಕಿಕೊಂಡು ಕೂತೆ. ಅದು ನನ್ನನ್ನು ನಮ್ಮ ಸೀಮೆಗೇ ತಂದು ಬಿಟ್ಟಿತು.

ಯಾಕೆಂದರೆ ಅದರ ಹುಟ್ಟು ತಂಬಾಕಿನಲ್ಲಿದೆ. ನಿಪ್ಪಾಣಿಯ ಬೀಡಿ ತಂಬಾಕಿನ ವಾಸನೆಯಲ್ಲಿ ಬೆಳೆದ ನಮಗೆ ಇದು ದೂರದ ಕತೆಯಲ್ಲ. ಧ್ವನಿಯನ್ನು ಅಯಸ್ಕಾಂತದಲ್ಲಿ ಹಿಡಿಯಬಹುದೆಂದು 1898ರಲ್ಲೇ ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ತೋರಿಸಿದ್ದರು. ಆದರೆ ಅವರದು ಉಕ್ಕಿನ ತಂತಿ. ತುಂಡಾದರೆ ಗಂಟು ಹಾಕಬೇಕು, ಭಾರವೂ ಹೆಚ್ಚು. ಮೂವತ್ತು ವರ್ಷ ಆ ವಿದ್ಯೆ ಅಲ್ಲೇ ತೆವಳಿತು. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಫ್ರಿಟ್ಸ್ ಫ್ಲೋಯ್ಮರ್ ಎಂಬ ಇಂಜಿನಿಯರು ಶ್ರೀಮಂತರು ಸೇದುವ ಸಿಗರೇಟುಗಳ ತುದಿಗೆ ಬಂಗಾರದ ಪಟ್ಟಿ ಹಾಕುವ ಕೆಲಸದಲ್ಲಿದ್ದರು. ಬಂಗಾರ ದುಬಾರಿ, ಅದರ ಬದಲು ಕಂಚಿನ ಪುಡಿಯನ್ನು ಕಾಗದಕ್ಕೆ ಕೂರಿಸುವ ದಾರಿ ಕಂಡುಹಿಡಿದರು. ಪುಡಿ ತುಟಿಗೆ ಹತ್ತಬಾರದು, ಕಾಗದ ಬಾಗಿದರೆ ಉದುರಬಾರದು. ಅದು ಕೈಗೆ ಹತ್ತಿದ ಮೇಲೆ ಅವರಿಗೆ ಹೊಳೆದದ್ದು ಇದು: ಕಂಚಿನ ಪುಡಿ ಕೂರುವ ಕಾಗದದ ಮೇಲೆ ಕಬ್ಬಿಣದ ಪುಡಿ ಯಾಕೆ ಕೂರಬಾರದು? ತಂತಿಯ ಜಾಗದಲ್ಲಿ ಕಾಗದದ ಪಟ್ಟಿ ಓಡಲಿ; ಹರಿದರೆ ಅಂಟಿಸಿದರಾಯಿತು. 1928ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಎಇಜಿ ಕಂಪನಿ ಯಂತ್ರ ಕಟ್ಟಿತು, ಬಿಎಎಸ್‌ಎಫ್ ಕಾಗದದ ಜಾಗಕ್ಕೆ ಪ್ಲಾಸ್ಟಿಕ್ ತಂದಿತು. 1935ರ ಬರ್ಲಿನ್ ರೇಡಿಯೋ ಮೇಳದಲ್ಲಿ ‘ಮ್ಯಾಗ್ನೆಟೋಫೋನ್’ ಜನರೆದುರು ಮಾತಾಡಿತು.

ಅದೇ ಬರ್ಲಿನ್ ಮೇಳಕ್ಕೆ 1963ರ ಆಗಸ್ಟ್ ಕೊನೆಯಲ್ಲಿ ಇನ್ನೊಂದು ಸಣ್ಣ ಪೆಟ್ಟಿಗೆ ಬಂತು. ತಂದವರು ಫಿಲಿಪ್ಸ್ ಕಂಪನಿಯವರು. ಮಾಡಿದ್ದು ಬೆಲ್ಜಿಯಮ್ಮಿನ ಹಾಸೆಲ್ಟ್ ಊರಿನ ಅವರ ಕಾರ್ಖಾನೆಯಲ್ಲಿ, ಲೂ ಓಟೆನ್ಸ್ ಎಂಬ ಡಚ್ ಇಂಜಿನಿಯರ ತಂಡ. ದೊಡ್ಡ ಎರಡು ಚಕ್ರದ ಟೇಪಿನಲ್ಲಿ ರೀಲನ್ನು ಕೈಯಿಂದ ಪೋಣಿಸುವುದು ಓಟೆನ್ಸರಿಗೆ ಸಾಕಾಗಿ ಹೋಗಿತ್ತು. ಯಂತ್ರ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಅವರು ಲೆಕ್ಕ ಹಾಕಲು ಕೂರಲಿಲ್ಲ. ಕಟ್ಟಿಗೆಯ ಒಂದು ತುಂಡನ್ನು ತಮ್ಮ ಕೋಟಿನ ಕಿಸೆಯಲ್ಲಿ ಹಿಡಿಸುವಷ್ಟಕ್ಕೆ ಕೆತ್ತಿಸಿದರು. ಯಂತ್ರ ಈ ತುಂಡಿನೊಳಗೆ ಕೂರಬೇಕು ಎಂದರು. ಆ ಕಟ್ಟಿಗೆ ಕೊನೆಗೆ ಏನಾಯಿತೆಂದರೆ, ಒಮ್ಮೆ ದಾರಿಯಲ್ಲಿ ಕಾರಿನ ಗಾಲಿ ಬಿಚ್ಚುವಾಗ ಜಾಕಿನ ಕೆಳಗೆ ಇಟ್ಟು ಕಳೆದುಕೊಂಡರಂತೆ. ನಮ್ಮ ಕಡೆ ಕಬ್ಬಿನ ಟ್ರಾಕ್ಟರಿನ ಟ್ರೇಲರಿಗೆ ಕಲ್ಲು ಕೊಡುವ ಹಾಗೆ.

ಪಟ್ಟಿಯ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಸಿ-60 ಎಂದರೆ ಬಾಜೂಕೊಂದು ಮೂವತ್ತು ನಿಮಿಷ. ಇವತ್ತು ಇದನ್ನು ಹೇಳುವಾಗ ಎರಡು ಸಂಗತಿಯನ್ನು ಒತ್ತಿ ಹೇಳಲೇಬೇಕು. ಒಂದು, ಫಿಲಿಪ್ಸ್ ಇದರ ಹಕ್ಕಿಗೆ ರೊಕ್ಕ ಕೇಳಲಿಲ್ಲ. ಜಪಾನಿನ ಸೋನಿ ಕಂಪನಿ ಹಟ ಹಿಡಿದು ಕೂತದ್ದರಿಂದ, ಅಳತೆ ಕೆಡಿಸದೆ ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಟೋಕಿಯೋದಲ್ಲಿ ಮಾಡಿದ ಯಂತ್ರಕ್ಕೆ ದಿಲ್ಲಿಯಲ್ಲಿ ಮಾಡಿದ ಕ್ಯಾಸೆಟ್ಟು ಹೊಂದಿದ್ದು ಇದರಿಂದ. ಇನ್ನೊಂದು, ಅದು ಮೊದಲಿಗೆ ಹಾಡು ಕೇಳುವ ಯಂತ್ರವಾಗಿರಲಿಲ್ಲ. ಮಾತು ಹಿಡಿಯುವ ಯಂತ್ರ. ಕೆಂಪು ಗುಂಡಿ ಅದರ ಹುಟ್ಟುಗುಣ. 1979ರಲ್ಲಿ ಸೋನಿ ಹೊರತಂದ ಮೊದಲ ವಾಕ್‌ಮನ್‌ನಲ್ಲಿ ಆ ಗುಂಡಿಯನ್ನೇ ತೆಗೆದುಹಾಕಿದ್ದರು. ಅಲ್ಲಿಂದ ಮುಂದೆ ಕಿವಿಗಷ್ಟೇ ಕೆಲಸ.

ನಮ್ಮ ದೇಶದಲ್ಲಿ ಧ್ವನಿಮುದ್ರಣ ಶೃಂಗಾರದ ಕೈ ಹಿಡಿದೇ ಬಂದದ್ದು. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗ್ರಾಮಫೋನಿನ ಮೊದಲ ದೊಡ್ಡ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ವೃತ್ತಿಯಿಂದ ತವಾಯಫ್. ಮರ್ಯಾದಸ್ತ ಮನೆತನದ ಹೆಂಗಸರು ಆ ಭೋಂಗಾದ ಮುಂದೆ ನಿಲ್ಲಲಿಲ್ಲ. ನಿಂತವರು ಠುಮರಿ, ದಾದ್ರಾ, ಜಾವಳಿ ಹಾಡುವ ಹೆಂಗಸರು. ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಮುದ್ರಣ ಮುಗಿದು ತಟ್ಟೆ ಜರ್ಮನಿಯ ಹನೋವರಿಗೆ ಅಚ್ಚಿಗೆ ಹೋದಾಗ ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು. ಆ ಕೂಗನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಆ ಹೊತ್ತಿಗೆ ಕಂಪನಿ ಬೇರೆಯವರದು, ರಾಗ ಪರಂಪರೆಯದು, ಹೆಸರು ಮಾತ್ರ ಅವಳದು.

ಆಮೇಲೆ ಎಂಬತ್ತು ವರ್ಷ ದಾರಿ ಕಿರಿದಾಯಿತು. ರೆಕಾರ್ಡು ಮಾಡಿಸಬೇಕೆಂದರೆ ದೊಡ್ಡ ಕಂಪನಿ ಬೇಕು. ಆಕಾಶವಾಣಿಯ ಧಾರವಾಡ ಕೇಂದ್ರ 1950ರಲ್ಲಿ ಶುರುವಾಗಿ ನಮ್ಮ ಕಡೆಯ ಹಾಡುಗಾರರಿಗೆ ದೊಡ್ಡ ಆಸರೆಯಾಯಿತು, ಆದರೆ ಅಲ್ಲಿ ಸರಕಾರದ ಕಟ್ಟಳೆ. ಎರಡರ್ಥದ ಮಾತಿಗೆ ಎಡೆಯಿಲ್ಲ. ಸಿನಿಮಾಕ್ಕೆ ಸೆನ್ಸಾರು. ಕ್ಯಾಸೆಟ್ಟಿಗೆ ಇದ್ಯಾವುದೂ ಇರಲಿಲ್ಲ. ತುಂಬುವ ಮೊದಲು ಯಾರೂ ಕೇಳಿ ನೋಡಿ ಮುದ್ರೆ ಒತ್ತುವಂತಿರಲಿಲ್ಲ. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಭಾವಗೀತೆಗೆ ದಾರಿ ತೆರೆದಿತ್ತು. 1983ರಲ್ಲಿ ಗುಲ್ಶನ್ ಕುಮಾರ್ ಸೂಪರ್ ಕ್ಯಾಸೆಟ್ಸ್ ಕಟ್ಟಿ ಬೆಲೆ ಇಳಿಸಿದರು. ಗಲ್ಫಿಗೆ ದುಡಿಯಲು ಹೋದವರು ಹೆಗಲ ಮೇಲೆ ಟೂ-ಇನ್-ಒನ್ ಹೊತ್ತು ಬಂದರು. ಇಷ್ಟು ಆದ ಮೇಲೆ ಒಂದು ಜಿಲ್ಲೆಗೆ, ಒಂದು ತಾಲೂಕಿಗೆ ಸಾಲುವಷ್ಟು ಕ್ಯಾಸೆಟ್ಟು ಮಾಡಿದರೂ ಗಿಟ್ಟುವಂತಾಯಿತು. ಇದರ ಬಗ್ಗೆ ಪೀಟರ್ ಮ್ಯಾನುಯೆಲ್ 1993ರಲ್ಲಿ ಬರೆದ ‘ಕ್ಯಾಸೆಟ್ ಕಲ್ಚರ್’ ಪುಸ್ತಕ ಉತ್ತರ ಭಾರತದ್ದು. ಬ್ರಜ ಸೀಮೆಯ ರಸಿಯಾ ಹಾಡುಗಳ ಶೃಂಗಾರ ಹೇಗೆ ಸಣ್ಣ ಪೇಟೆಯ ಕ್ಯಾಸೆಟ್ಟಿಗೆ ಬಂತೆಂದು ಅವರು ಹೇಳುತ್ತಾರೆ. ಓದುವಾಗ ಹೆಸರು ಬದಲಿಸಿದರೆ ನಮ್ಮ ಬಸ್ ಸ್ಟ್ಯಾಂಡೇ. ಅದೇ ವರ್ಷ ‘ಖಳನಾಯಕ್’ ಸಿನಿಮಾದ ಒಂದು ಹಾಡು ಅಶ್ಲೀಲವೆಂದು ದಿಲ್ಲಿಯ ಕೋರ್ಟಿಗೆ ದಾವೆ ಹೋಯಿತು. ಸಿನಿಮಾ ಇನ್ನೂ ತೆರೆಗೆ ಬಂದಿರಲಿಲ್ಲ. ಕ್ಯಾಸೆಟ್ಟು ಆಗಲೇ ಹಳ್ಳಿ ಹಳ್ಳಿ ಸೇರಿತ್ತು.

ಸಂಕೇಶ್ವರದ ಆ ದಿನಗಳನ್ನು ಹೇಗೆ ಹೇಳಲಿ! ಬಸ್ ಸ್ಟ್ಯಾಂಡಿನ ಎದುರಿನ ಕ್ಯಾಸೆಟ್ಟಂಗಡಿಯ ಗಾಜಿನ ಕಪಾಟಿನಲ್ಲಿ ಮೇಲೆ ದೇವರು, ನಡುವೆ ರಾಜಕುಮಾರ್, ಕೆಳಗೆ ಹಿಂದಿ–ಮರಾಠಿ. ಹಾಡಿನ ಚೀಟಿ ಬರೆದು ಖಾಲಿ ಕ್ಯಾಸೆಟ್ಟು ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ನಂಬರಿನವು ಕಪಾಟಿನಲ್ಲಿ ಇರುತ್ತಿರಲಿಲ್ಲ. ಕೇಳುವವನು ಕೇಳುವ ರೀತಿಯಲ್ಲಿ ಕೇಳಿದರೆ ಗಲ್ಲೆಯ ಕೆಳಗಿನಿಂದ ಬರುತ್ತಿದ್ದವು. ಒಬ್ಬ ತಂದರೆ ಹತ್ತು ಮಂದಿ ನಕಲು. ಒಂದು ಟೇಪಿನಿಂದ ಇನ್ನೊಂದಕ್ಕೆ ಹೋದ ಹಾಗೆ ಸೊಂಯ್ ಎನ್ನುವ ಸದ್ದು ದಪ್ಪವಾಗುತ್ತಿತ್ತು, ಮಾತು ತೆಳುವಾಗುತ್ತಿತ್ತು. ನನ್ನ ಪಾಲಿಗೆ ಬಂದ ನಕಲಿನಲ್ಲಿ ಅರ್ಧ ಮಾತು ಮಳೆಯೊಳಗಿನಿಂದ ಬಂದ ಹಾಗೆ ಇರುತ್ತಿತ್ತು. ಉಳಿದರ್ಧವನ್ನು ನಾವೇ ತುಂಬಿಕೊಳ್ಳುತ್ತಿದ್ದೆವು.

ಅದರಲ್ಲಿ ಇರುತ್ತಿದ್ದದ್ದೇನು? ಕ್ಯಾಸಿಯೋ ಕೀಬೋರ್ಡು, ಎಕೋ ಹೆಚ್ಚಾದ ಗಂಡು ದನಿ, ನಡುನಡುವೆ ಒಬ್ಬಳ ನಗು. ಕೆಲವದರಲ್ಲಿ ಹಾಡಿಗಿಂತ ಮಾತೇ ಹೆಚ್ಚು: ಗಂಡೊಬ್ಬ, ಹೆಣ್ಣೊಬ್ಬಳು, ಕಬ್ಬಿನ ಹೊಲ. ಚಿತ್ರವಿಲ್ಲ, ಮುಖವಿಲ್ಲ. ಬಳೆ ಸರಿದ ಸದ್ದು, ಒಣ ರವದಿಯ ಮೇಲೆ ಕಾಲಿಟ್ಟ ಸದ್ದು, ದೂರದ ಎತ್ತಿನ ಗಂಟೆ. ಈ ಮೂರು ಸದ್ದಿನಲ್ಲಿ ಅವರು ಒಂದು ಸಂಜೆಯನ್ನೇ ಕಟ್ಟುತ್ತಿದ್ದರು. ಆ ಸದ್ದು ಮಾಡಿದವರ ಜಾಣತನಕ್ಕೆ ನಾನು ಇವತ್ತೂ ಬೆರಗಾಗುತ್ತೇನೆ. ಹಾಡಿನ ಮಾತಿಗೆ ಮಾತ್ರ ಆಗುವುದಿಲ್ಲ. ಹೆಣ್ಣು ಎಂದರೆ ಕಬ್ಬು, ಹೆಣ್ಣು ಎಂದರೆ ಸಂಕೇಶ್ವರದ ಮೆಣಸಿನಕಾಯಿ, ಹೆಣ್ಣು ಎಂದರೆ ಹದವಾದ ಹೊಲ. ಕಡಿಯುವವನು, ಕಚ್ಚುವವನು, ಉಳುವವನು ಯಾವಾಗಲೂ ಅವನೇ. ಕೆಲವು ಹಾಡು ಬರೀ ಪೋಲಿಯಲ್ಲ, ಕ್ರೂರವೂ ಹೌದು. ಹದಿನಾಲ್ಕರಲ್ಲಿ ಇದು ಕಾಣಲಿಲ್ಲ. ಹಿಂದಿನದನ್ನು ನೆನೆಸಿ ಸುಖಪಡುವಾಗ ಇದನ್ನು ಮುಚ್ಚಿಡುವುದು ತಪ್ಪು.

ನಮ್ಮ ಸೀಮೆಯ ಶೃಂಗಾರ ಮೊದಲು ಹೀಗಿರಲಿಲ್ಲ ಎಂಬುದು ನನಗೆ ಮುಖ್ಯ. ಹರದೇಶಿ–ನಾಗೇಶಿ ಹಾಡಿಕೆಯನ್ನು ಕೇಳಿದವರಿಗೆ ಗೊತ್ತು: ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಬೆಳಗಿನತನಕ ಸವಾಲು, ಜವಾಬು. ಗಂಡಿನ ಮೇಳ ಒಂದು ಕಟಕಿ ಎಸೆದರೆ ನಾಗೇಶಿಯವಳು ದಪ್ಪಿನ ಪೆಟ್ಟಿಗೆ ಅದನ್ನು ಹಿಂದಕ್ಕೆ ಎಸೆಯುತ್ತಾಳೆ. ಊರ ಮಂದಿ ನಗುವುದು ಆ ಎರಡನೆಯ ಪೆಟ್ಟಿಗೆ. ಮೂಡಲಗಿ ಹತ್ತಿರದ ಕುಲಗೋಡದ ತಮ್ಮಣ್ಣನವರ ಕೈಯಲ್ಲಿ ಬೆಳೆದ ಪಾರಿಜಾತದಲ್ಲಿ ಕೃಷ್ಣನಷ್ಟೇ ಮಾತು ಸತ್ಯಭಾಮೆಗೂ ಉಂಟು. ಅವಳ ಮುನಿಸೇ ಆಟದ ಜೀವ. ಆ ಪಾರಿಜಾತದಿಂದಲೇ ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಮನೆಮಾತಾದದ್ದು. ‘ಸಂಗ್ಯಾ ಬಾಳ್ಯಾ’ದ ಗಂಗಿ ಕೂಡ ಸುಮ್ಮನೆ ಒಲಿಯುವವಳಲ್ಲ, ವಾದಿಸಿ ಒಲಿಯುವವಳು. ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು, ಬೇವಿನ ತಪ್ಪಲು ಮುಚ್ಚಿ, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು ಮನೆ ಮನೆಗೆ ಬರುವವರು ಹೆಂಗಸರೇ. ಅವನ ಪೋಲಿತನ ಹಾಡುವವರೂ ಅವರೇ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇದನ್ನೆಲ್ಲ ಕೇಳಿ ಬೆಳೆದವರು. ‘ಜೋಕುಮಾರಸ್ವಾಮಿ’ ನಾಟಕ ಹುಟ್ಟಿದ್ದು ಈ ಮಣ್ಣಿನಿಂದ.

ಕ್ಯಾಸೆಟ್ಟು ಸವಾಲನ್ನು ಹಿಡಿದುಕೊಂಡಿತು. ಜವಾಬು ಹೊರಗುಳಿಯಿತು. ಕಟ್ಟೆಯ ಮೇಲೆ ಎದುರಾಳಿ ಇದ್ದಾಗ ಅಳತೆ ತಪ್ಪದ ಮಾತು, ಸ್ಟುಡಿಯೋದ ಮುಚ್ಚಿದ ಕೋಣೆಯಲ್ಲಿ ಅಳತೆ ಕಳೆದುಕೊಂಡಿತು. ಒಬ್ಬನೇ ಹಾಡುತ್ತಾನೆ, ಒಬ್ಬನೇ ಕೇಳುತ್ತಾನೆ. ನಾನು ಇಷ್ಟು ವರ್ಷ ನಂಬಿಕೊಂಡು ಬಂದ ಕತೆ ಇದು. ಪ್ರವಚನದ ರೀಲು ಅದನ್ನು ಸುಳ್ಳು ಮಾಡಿತು.

ಮೇಸ್ತ್ರಿ ಹೊಸ ಬೆಲ್ಟು ಹಾಕಿ, ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ ಕೊಟ್ಟರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಗುಂಡಿ ಒತ್ತಿದೆ. ಮೊದಲು ಸ್ವಾಮಿಗಳ ದನಿ. ಎರಡು ನಿಮಿಷ ಚೆನ್ನಾಗಿಯೇ ನಡೆಯಿತು. ಮಾತಿನ ನಡುವೆ ಟಕ್ ಎಂದು ಒಂದು ಸದ್ದು, ಆಮೇಲೆ ಕೋಣೆಯ ಮೌನ. ಆ ಮೌನದೊಳಗಿಂದ ಯಾರೋ ಬಾವಿಯ ತಳದಲ್ಲಿ ನಕ್ಕ ಹಾಗೆ ಸಣ್ಣಗೆ ಕೇಳಿಸಿತು. ಒಂದು ಉಸಿರು ಕಳೆದು ಅದೇ ನಗು ಜೋರಾಗಿ, ಕಿವಿಯ ಪಕ್ಕದಲ್ಲೇ ಬಂತು. ಅದು ಅವ್ವನ ನಗು. ಅವ್ವ ಹೋಗಿ ಹದಿನೈದು ವರ್ಷವಾಗಿತ್ತು.

ಸುತ್ತಿಟ್ಟ ರೀಲಿನಲ್ಲಿ ಒಂದು ಪದರದ ಅಯಸ್ಕಾಂತ ಪಕ್ಕದ ಪದರಕ್ಕೆ ತುಸು ಇಳಿಯುತ್ತದೆ. ವರ್ಷಗಟ್ಟಲೆ ಅಲುಗದೆ ಇದ್ದರೆ ಇನ್ನೂ ಹೆಚ್ಚು. ಅದಕ್ಕೇ ಜೋರಾದ ಸದ್ದು ಬರುವ ಒಂದೆರಡು ಸೆಕೆಂಡು ಮೊದಲೇ ಅದರ ನೆರಳು ಕೇಳಿಸುತ್ತದೆ. ಇದು ಟೇಪಿನ ದೋಷ ಎಂದು ಪುಸ್ತಕಗಳು ಹೇಳುತ್ತವೆ. ಇರಲಿ. ಅಟ್ಟದ ಕತ್ತಲೆಯಲ್ಲಿ ಅಷ್ಟು ವರ್ಷ ಅವ್ವನ ನಗು ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುತ್ತಲೇ ಇತ್ತು ಎಂಬುದಷ್ಟೇ ನನಗೆ ಆ ರಾತ್ರಿ ತಿಳಿದದ್ದು.

ಅದು 1994, ನಮ್ಮಕ್ಕನ ಮದುವೆಯ ಅರಿಷಿಣದ ರಾತ್ರಿ. ಗಂಡಸರನ್ನು ಹೊರಗೆ ಹಾಕಿ ಹೆಂಗಸರು ನಡುಮನೆಯ ಬಾಗಿಲು ಮುಚ್ಚಿದ್ದರು. ಮುಚ್ಚುವ ಮೊದಲೇ ಕಾಕಾ ಮಾಡದಲ್ಲಿ ಟೇಪು ಇಟ್ಟು, ಕೆಂಪು ಗುಂಡಿ ಒತ್ತಿ, ಮೇಲೆ ಟವೆಲ್ಲು ಮುಚ್ಚಿ ಹೋಗಿದ್ದ. ಕೈಗೆ ಸಿ-60 ಖಾಲಿ ಸಿಗದೆ ಪ್ರವಚನಕ್ಕೆ ಕಾಗದ ತುರುಕಿದ್ದಿರಬೇಕು. ಅವನು ಮಾಡಿದ್ದು ಸರಿಯಲ್ಲ. ಮದುವೆಯಾಗದ ಮೈದುನ, ಇಪ್ಪತ್ತಾರರ ವಯಸ್ಸು, ಒಳಗೆ ಏನು ಹಾಡುತ್ತಾರೆಂಬ ಆಸೆ. ಅರ್ಥವಾಗುತ್ತದೆ, ಸರಿಯಾಗುವುದಿಲ್ಲ.

ಮೊದಲ ಹತ್ತು ನಿಮಿಷ ಎಲ್ಲರಿಗೂ ಗೊತ್ತಿರುವ ಹಾಡು. ಬೀಗರ ಹಾಡು, ಬೀಗಿತ್ತಿಯ ಹಾಡು, ಯಾರದೋ ಮೂಗಿನ ಬಗ್ಗೆ, ಯಾರದೋ ಮೀಸೆಯ ಬಗ್ಗೆ. ಆಮೇಲೆ ಒಂದು ದನಿ: “ಏ, ಆ ಮಾಡದಾಗ ಕೆಂಪ ಲೈಟ ಹತ್ತೇತಿ ನೋಡವಾ.” ಹಾಡು ನಿಂತಿತು. ಹೆಜ್ಜೆಯ ಸದ್ದು ಹತ್ತಿರ ಬಂತು. ಬಟ್ಟೆ ಸರಿದ ಸದ್ದು. “ಅಯ್ಯ, ಟೇಪ ಇಟ್ಟಾನ ಭಾಡ್ಯಾ!” ಒಬ್ಬಳು ಬಂದ್ ಮಾಡು ಎಂದಳು, ಇನ್ನೊಬ್ಬಳು ರೀಲು ಕಿತ್ತು ಒಲೆಗೆ ಹಾಕು ಎಂದಳು. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಮೂವತ್ತು ವರ್ಷದ ಹಿಂದೆ ಆಗಿ ಮುಗಿದದ್ದಕ್ಕೆ.

ಆಗ ದೊಡ್ಡವ್ವನ ದನಿ: “ಯಾಕ ಬಂದ್ ಮಾಡ್ತಿ? ಕೇಳಬೇಕಂತ ಇಟ್ಟಾನಲ್ಲ, ಕೇಳ್ಲಿ.”

ಮೈಕಿಗೆ ಅವಳ ಉಸಿರು ತಾಕಿದ್ದು ಸ್ಪಷ್ಟ ಕೇಳುತ್ತದೆ. ಮೊದಲು ಒಬ್ಬೊಬ್ಬರೇ ಬಂದು ಆ ಕೆಂಪು ದೀಪಕ್ಕೆ ಒಡಪು ಹಾಕಿ ಗಂಡನ ಹೆಸರು ಹೇಳಿದರು. ಹನ್ನೊಂದು ಮಂದಿ, ಅವ್ವನೂ ಸೇರಿ. ಗೌಹರ್ ಜಾನ್ ನೆನಪಾದಳು. ಇವರ ಬಾಯಲ್ಲಿ ತಮ್ಮ ಹೆಸರು ಬರಲಿಲ್ಲ, ಆದರೆ ಹೆಸರು ಬರುವ ಮೊದಲಿನ ಆ ಎರಡು ಸಾಲು ಒಬ್ಬೊಬ್ಬಳದೂ ಬೇರೆ. ಆಮೇಲೆ ದೊಡ್ಡವ್ವ ಶುರು ಮಾಡಿದಳು. ಧಾಟಿ ಯಾವುದೆಂದು ತಿಳಿಯಲು ನನಗೆ ಒಂದು ಕ್ಷಣ ಸಾಕಾಯಿತು. ಅದು ನಂಬರಿನ ಕ್ಯಾಸೆಟ್ಟಿನ ಧಾಟಿಯೇ. ಕಾಕಾ ಬಾವಿಯ ದಂಡೆಯಲ್ಲಿ ಹಚ್ಚುತ್ತಿದ್ದದ್ದು ಅವರ ಕಿವಿಗೂ ಬೀಳುತ್ತಿತ್ತಲ್ಲ! ಧಾಟಿ ಅದೇ, ಮಾತು ಅವಳದು. ಅಲ್ಲಿ ಹೆಣ್ಣು ಕಬ್ಬಾದರೆ ಇಲ್ಲಿ ಗಂಡು ಕರೆಂಟು ಹೋದ ಪಂಪಸೆಟ್ಟು. ಹುಕ್ಕೇರಿ ಸೊಸಾಯಟಿಯ ಲೈನು ಬರುವ ಹೊತ್ತಿಗೆ ಅವನಿಗೆ ನಿದ್ದೆ. ಅವನು ಎದ್ದು ಗುಂಡಿ ಒತ್ತುವ ಹೊತ್ತಿಗೆ ಲೈನು ಇಲ್ಲ. ನಮ್ಮ ಕಡೆ 1969ರಿಂದ ಕರೆಂಟು ಕೊಡುತ್ತಿರುವುದು ರೈತರದೇ ಸಹಕಾರಿ ಸಂಘ. ಅದು ರಾತ್ರಿ ಪಾಳಿಯಲ್ಲಿ ಬರುವ ಕಷ್ಟ ಗೊತ್ತಿದ್ದವರಿಗೆ ಆ ಹಾಡಿನ ಒಂದೊಂದು ಅಕ್ಷರವೂ ತಾಕುತ್ತದೆ. ಪ್ರತಿ ನುಡಿಯ ಕೊನೆಗೆ ಹೆಂಗಸರೆಲ್ಲ ಸೇರಿ ಮೋಟಾರು ನಿಂತುಹೋಗುವ ಸದ್ದು ಮಾಡುತ್ತಾರೆ. ಬಳೆ, ರವದಿ, ಎತ್ತಿನ ಗಂಟೆ ಮಾಡಿದ ಸ್ಟುಡಿಯೋದವರಿಗೆ ಇದು ಹೊಳೆದಿರಲಿಲ್ಲ. ಹೆಣ್ಣಿನ ಆಸೆ ಆ ಹಾಡಿನಲ್ಲಿ ಎಲ್ಲಿಯೂ ನಾಚುವುದಿಲ್ಲ. ಎಷ್ಟು ಬೇಕು, ಯಾವಾಗ ಬೇಕು, ಹೇಗೆ ಬೇಕು ಎಂದು ಸರಿಯಾಗಿ ಲೆಕ್ಕ ಕೊಡುತ್ತದೆ.

ಐದನೆಯ ನುಡಿಯ ಎರಡನೆಯ ಸಾಲಿಗೆ ಬಾಜೂ ಮುಗಿಯಿತು. ತಿರುವಿ ಹಾಕಿದೆ. ಆ ಕಡೆ ಪೂರ್ತಿ ಪ್ರವಚನವೇ.

ದೊಡ್ಡವ್ವ ಈಗ ಮೂಡಲಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ. ಆ ಊರಿನ ಹುಡುಗರು ಈಗ ಮೊಬೈಲಿನಲ್ಲೇ ಜಾನಪದ ತುಂಬಿ ಯೂಟ್ಯೂಬಿಗೆ ಬಿಡುತ್ತಾರೆ. ಅವಳ ಮನೆಯ ಮುಂದಿನಿಂದಲೇ ಡಿಜೆ ಹಚ್ಚಿದ ಟ್ರಾಕ್ಟರು ಹೋಯಿತು. ಟೇಪು ಕಂಡ ಕೂಡಲೇ ಅವಳಿಗೆ ಗುರುತು ಹತ್ತಿತು. “ಇದನ್ನ ಅಂವಾ ಸುಡಲಿಲ್ಲೇನ?” ಎಂದಳು. ಮದುವೆಯ ಮರುದಿನ ಕಾಕಾನ ಮುಖ ಹೇಗಿತ್ತೆಂದು ಹೇಳಿದಳು: ಎಂಟು ದಿನ ಅವನು ನಡುಮನೆಗೆ ಕಾಲಿಡಲಿಲ್ಲವಂತೆ, ಊಟ ಕಟ್ಟೆಯ ಮೇಲೇ. ಆದರೆ ಅಳಿಸಲಿಲ್ಲ. ಧೋತರದ ಕೆಳಗೆ ಕೊನೆಯವರೆಗೂ ಇಟ್ಟುಕೊಂಡಿದ್ದ.

ಹಚ್ಚಿದೆ. ಹನ್ನೊಂದು ಒಡಪು ಬಂದಾಗ ಬೆರಳು ಮಡಿಸುತ್ತ ಹೋದಳು. ಏಳು ಬೆರಳು ಮಡಿಸಿ, ಅವರೆಲ್ಲ ಹೋದರು ಎಂದಳು. ಅವ್ವನ ನಗುವನ್ನು ಮತ್ತೆ ಹಚ್ಚಿಸಿಕೊಂಡು ಕೇಳಿದಳು, ಮೂರು ಸಲ. ಹಾಡನ್ನು ಇಲ್ಲಿ ಬರೆದು ಹಾಕಲೇ ಎಂದು ಕೇಳಿದೆ. “ಹಾಡ ಹಾಡಾಕ ಐತಿ, ಬರ್ಯಾಕ ಅಲ್ಲ” ಎಂದಳು. ಅದಕ್ಕೇ ಇಲ್ಲಿ ಅದರ ಒಂದು ಸಾಲೂ ಇಲ್ಲ.

ರೀಲು ಐದನೆಯ ನುಡಿಗೆ ಬಂದು ನಿಂತಿತು.

“ಮುಂದಿಂದು ನೆನಪೈತೇನ ದೊಡ್ಡವ್ವಾ?”

ಅವಳು ಮೊಮ್ಮಗನನ್ನು ಹಾಲು ತರಲು ಕಳಿಸಿದಳು. ಬಾಗಿಲು ಮುಂದಕ್ಕೆ ಮಾಡೆಂದು ಮಗಳಿಗೆ ಹೇಳಿದಳು. ಸೆರಗು ಸರಿಮಾಡಿಕೊಂಡು, “ಅದರಾಗ ಇನ್ನ ತುಂಬಾಕ ಬರ್ತೈತೇನೋ?” ಎಂದಳು. ಬರುತ್ತದೆ ಎಂದೆ. “ಆ ಬಾಜೂಕ ಏನೈತಿ?”

“ಸ್ವಾಮಿಗೋಳ ಪ್ರವಚನ.”

“ಅದನ್ನ ಅಳಸಬ್ಯಾಡ. ಬ್ಯಾರೇದ ಹಾಕು.”

ಚೀಲದಲ್ಲಿ ಒಂಬತ್ತು ನಂಬರಿನಲ್ಲಿ ಉಳಿದ ಎಂಟು ಇದ್ದವು. ಮೂರನೆಯದನ್ನು ತೆಗೆದು, ತೂತಿಗೆ ಬಸ್ಸಿನ ಟಿಕೀಟು ಮಡಚಿ ತುರುಕಿ, ಟೇಪಿಗೆ ಹಾಕಿದೆ. ಎರಡೂ ಗುಂಡಿ ಕೂಡಿ ಒತ್ತಿದೆ.

“ಕೆಂಪ ಲೈಟ ಹತ್ತೇತೇನ ನೋಡು” ಎಂದಳು ದೊಡ್ಡವ್ವ.